ನಾಲ್ಕನೆಯ ಬಿಲ್ಲೆ

ಚಳ್ಳಕೆರೆಯಲ್ಲಿ ನಬೀ ಸಾಬರು ತಡೆದು ನಿಲ್ಲಿಸದ ಮದುವೆ ಕಾರು ಇರಲಿಲ್ಲ. ಚೆಂಡುಹೂವಿನ ಸರ, ಬಲೂನು, ಹಿಂದಿನ ಗಾಜಿಗೆ ಹತ್ತಿಯಲ್ಲಿ ಅಂಟಿಸಿದ ಗಂಡುಹೆಣ್ಣಿನ ಹೆಸರು, ಒಳಗೆ ಪೇಟ ಸುತ್ತಿಕೊಂಡು ಬೆವರುತ್ತ ಕುಳಿತ ಗಂಡು, ಇದ್ಯಾವುದೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಬಳ್ಳಾರಿ ರಸ್ತೆಯ ತಮ್ಮ ಲೇತ್ ಅಂಗಡಿಯಿಂದ ಗಾಲಿ ಬಿಚ್ಚುವ ಪಾನಾ ಹಿಡಿದು ಇಳಿದು ಬಂದು, ಕಾರಿನ ಮುಂದೆ ಕೈ ಅಡ್ಡ ಹಿಡಿದು, “ಎರಡೇ ನಿಮಿಷ” ಎಂದು ಕುಕ್ಕರಗಾಲಲ್ಲಿ ಕುಳಿತುಬಿಡುತ್ತಿದ್ದರು. ನಾಲ್ಕು ಗಾಲಿ, ಹದಿನಾರು ನಟ್ಟು. ಒಂದೊಂದಕ್ಕೂ ಪಾನಾ ಹಾಕಿ ಒತ್ತಿ ನೋಡಿ, ಕೊನೆಗೆ ಗಾಲಿಗೆ ಕಿವಿ ಹತ್ತಿರ ತಂದು ಏನನ್ನೋ ಕೇಳಿಸಿಕೊಂಡು ಏಳುತ್ತಿದ್ದರು.

“ಏನ್ ಸಾಬ್ರೆ, ಮೂರು ಗಂಟು ಹಾಕ್ಸಾಕೆ ಹೊರಟೀವಿ, ನೀವು ಹದಿನಾರು ನಟ್ಟು ಹಿಡ್ಕಂಡ್ ಕುಂತ್ರಲ್ಲ!” ಎಂದು ಗಂಡಿನ ಸೋದರಮಾವ ಹಾರಾಡುತ್ತಿದ್ದ.

“ಆ ಗಂಟು ಸಡ್ಲ ಆದ್ರೆ ಊರಿನ ಹಿರೇರು ಕುಂತು ಬಿಗಿ ಮಾಡ್ತಾರೆ. ಇದು ಸಡ್ಲ ಆದ್ರೆ ಯಾರ್ ಕುಂತ್ರೂ ಆಗಲ್ಲ. ಹೋಗ್ರಿ, ಒಳ್ಳೇದಾಗ್ಲಿ.”

ಜನ ನಗುತ್ತಿದ್ದರು. ನಾನೂ ನಕ್ಕವನೇ. ಗಾಲಿ ಕೂರುವ ಜಾಗಕ್ಕೆ ಹಬ್ ಎನ್ನುತ್ತಾರಷ್ಟೆ. ನಬೀ ಸಾಬರಿಗೆ ಹಬ್ಬಕ್ಕಿಂತ ಹಬ್ಬೇ ದೊಡ್ಡದು ಎಂದು ಒಂದು ಮಾತು ಕಟ್ಟಿ ಊರಿಡೀ ಹಬ್ಬಿಸಿದ್ದೂ ನಾನೇ. ಅವರು ಗಾಲಿಗೆ ಕಿವಿಗೊಟ್ಟು ಕೇಳುತ್ತಿದ್ದುದೇನು ಎಂದು ಗೊತ್ತಾದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಆಗಲಿಲ್ಲ. ಮಾತಿಗೆ ರಿವರ್ಸ್ ಗೇರ್ ಇಲ್ಲ.

ನಬೀ ಸಾಬರ ತಂದೆ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದವರು. ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಮರದ ಚಕ್ರದ ಮೇಲೆ ಇಳಿಸಿ, ನೀರು ಹೊಯ್ದರೆ ಅದು ಕುಗ್ಗಿ ಮರವನ್ನು ಕಚ್ಚಿಕೊಳ್ಳುತ್ತದೆ. “ಮರಕ್ಕೂ ಪಟ್ಟಿಗೂ ನಡುವೆ ಒಂದು ಹುಲ್ಲುಕಡ್ಡಿ ಸಿಕ್ಕಂಡಿದ್ರೂ ಅಬ್ಬಾಜಾನ್ ಬಿಚ್ಚಿ ಮತ್ತೆ ಬೆಂಕೀಗ್ ಹಾಕೋರು ಮೇಷ್ಟ್ರೆ” ಎಂದು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಎತ್ತಿನ ಗಾಡಿಗಳು ಕಡಿಮೆಯಾದವು. ಮಗ ದಾವಣಗೆರೆಯಲ್ಲಿ ಲೋಹ ಕಡೆಯುವ ಲೇತ್ ಕೆಲಸ ಕಲಿತು ಬಂದು, ಎಣ್ಣೆ ಮಿಲ್ಲುಗಳ ಗಾಣದ ಬಿಡಿಭಾಗ, ಕಡಲೆಕಾಯಿ ಸುಲಿಯುವ ಯಂತ್ರದ ಕಡ್ಡಿ ತಿರುವುತ್ತ ಸಂಸಾರ ಹೂಡಿದರು. ಹೆಂಡತಿ ಹಲೀಮಾ ಬೀ. ಮಕ್ಕಳಿರಲಿಲ್ಲ.

ತೊಂಬತ್ತರ ದಶಕದ ನಡುವೆ ಊರಿಗೆ ಹೊಸ ಕಾರು ಬಂದಂತೆ ಹೊಸ ಖಯಾಲಿಯೂ ಬಂತು. ಕಾರಿನ ಗಾಲಿ ಅಗಲವಾಗಿ ಈಚೆಗೆ ಚಾಚಿಕೊಂಡಿರಬೇಕು, ನಿಂತರೆ ಕುಸ್ತಿ ಪೈಲ್ವಾನ ಕಾಲು ಅಗಲಿಸಿ ನಿಂತಂತಿರಬೇಕು, ತಿರುವಿನಲ್ಲಿ ನೆಲ ಕಚ್ಚಿ ಹೋಗಬೇಕು. ಬೆಂಗಳೂರಿನ ಗುಜರಿಯಲ್ಲಿ ಯಾವುದೋ ಕಾರಿನ ಹೊಳೆಯುವ ಗಾಲಿ ಸಿಗುತ್ತಿತ್ತು, ಆದರೆ ಅದರ ತೂತುಗಳು ಇಲ್ಲಿಯ ಕಾರಿನ ಬೋಲ್ಟಿಗೆ ಹೊಂದುತ್ತಿರಲಿಲ್ಲ. ಆಗ ನಡುವೆ ಒಂದು ದಪ್ಪ ಬಿಲ್ಲೆ ಬೇಕು. ಆ ಬಿಲ್ಲೆ ಒಳಗಡೆ ಕಾರಿನ ಹಬ್ಬಿಗೆ ನಾಲ್ಕು ನಟ್ಟಿನಲ್ಲಿ ಕೂರುತ್ತದೆ. ಅದರ ಮೈಯಿಂದ ಹೊರಟ ಬೇರೆ ನಾಲ್ಕು ಬೋಲ್ಟಿಗೆ ಗಾಲಿ ಕೂರುತ್ತದೆ. ಪೇಟೆಯವರು ಅದಕ್ಕೆ ಸ್ಪೇಸರ್, ಅಡಾಪ್ಟರ್ ಎಂದೆಲ್ಲ ಹೆಸರಿಟ್ಟಿದ್ದರು. ನಮ್ಮಲ್ಲಿ ಬಿಲ್ಲೆ.

ಬಿಲ್ಲೆಯನ್ನು ಯಾರು ಬೇಕಾದರೂ ತಿರುವಬಹುದು. ಒಪ್ಪವಾಗಿ ತಿರುವುವುದು ಜಿಲ್ಲೆಯಲ್ಲಿ ನಬೀ ಸಾಬರೊಬ್ಬರೇ ಎಂಬ ಹೆಸರಿತ್ತು. ಗಟ್ಟಿ ಅಲ್ಯುಮಿನಿಯಂ ಅಲ್ಲದೆ ಬೇರೆ ಮುಟ್ಟುತ್ತಿರಲಿಲ್ಲ. ಒಂದು ಬಿಲ್ಲೆ ಸಾಲದೆಂದು ಎರಡನ್ನು ಒಂದರ ಮೇಲೊಂದು ಹಾಕು ಎಂದವನನ್ನು ಅಂಗಡಿಯಿಂದ ಇಳಿಸಿ ಕಳಿಸಿದ್ದರು. ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸೀಮೆಎಣ್ಣೆಯಲ್ಲಿ ಒರೆಸಿ, ತುಕ್ಕಿನ ಚೂರಾಗಲೀ ಬಣ್ಣವಾಗಲೀ ಇಲ್ಲವೆಂದು ಬೆರಳಾಡಿಸಿ ನೋಡಿದ ಮೇಲೆಯೇ ಬಿಲ್ಲೆ ಏರಿಸುತ್ತಿದ್ದರು. ನಟ್ಟನ್ನು ಪಕ್ಕಪಕ್ಕದ್ದಲ್ಲ, ಎದುರುಬದುರಿನದನ್ನು ಬಿಗಿಯುತ್ತಿದ್ದರು. ಕೊನೆಗೆ ಎಲ್ಲರಿಗೂ ಒಂದೇ ಮಾತು: “ಐವತ್ತು ಕಿಲೋಮೀಟರ್ ಆದ್ಮ್ಯಾಲೆ ವಾಪಸ್ ಬಾ. ಗಾಲಿ ಬಿಚ್ಚಿ, ಒಳಗಿನ ನಟ್ಟು ಇನ್ನೊಂದ್ಸಲ ಬಿಗಿ ಮಾಡ್ಬೇಕು.” ಇದನ್ನೆಲ್ಲ ಕೇಳಿ, ಅಂತರ ಸರಿಯಿಲ್ಲದಿದ್ದರೆ ಅವಾಂತರ ಎಂದು ನಾನು ಚಪ್ಪರಿಸಿದಾಗ ಅವರು ನಗದೆ, “ಬೋರ್ಡಿಗ್ ಬರ್ಸ್ರಿ ಮೇಷ್ಟ್ರೆ” ಎಂದಿದ್ದರು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ, ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಹಬ್ಬಿನ ನಡುವೆ ಒಂದು ಮೋಟು ಕುತ್ತಿಗೆ ಇರುತ್ತದೆ. ಆ ಕುತ್ತಿಗೆಯ ಬುಡ ನೇರ ಮೂಲೆಯಾಗಿರದೆ ತುಸು ಗುಂಡಗಿರುತ್ತದೆ. ಆದ್ದರಿಂದ ಬಿಲ್ಲೆಯ ನಡುತೂತಿನ ಬಾಯಂಚನ್ನು ಸ್ವಲ್ಪ ಓರೆಯಾಗಿ ಕೆತ್ತಬೇಕು. ಕೆತ್ತದಿದ್ದರೆ ಬಿಲ್ಲೆ ಆ ಗುಂಡು ಬುಡದ ಮೇಲೆ ಹತ್ತಿ ಕೂರುತ್ತದೆ. ನಟ್ಟು ಬಿಗಿಯಾದಂತೆಯೇ ಇರುತ್ತದೆ. ಐವತ್ತರವತ್ತು ಕಿಲೋಮೀಟರು ಓಡಿದ ಮೇಲೆ ಬಿಲ್ಲೆ ಜರುಗಿ ತನ್ನ ಜಾಗಕ್ಕೆ ಇಳಿಯುತ್ತದೆ. ಅಲ್ಲಿಗೆ ನಟ್ಟಿನ ಬಿಗಿ ಹೋಯಿತು.

ದುರುಗೇಶ್ ಮೊಳಕಾಲ್ಮೂರಿನವನು. ತಾಯಿ ಹೊನ್ನಕ್ಕ ಮನೆಯಲ್ಲೇ ಗುಂಡಿ ಮಗ್ಗ ಹಾಕಿಕೊಂಡು ರೇಷ್ಮೆ ಸೀರೆ ನೇಯುತ್ತಿದ್ದಳು. ಮಗ ಮಗ್ಗದ ಗುಂಡಿಗೆ ಕಾಲು ಇಳಿಬಿಡಲೊಲ್ಲದೆ ಡ್ರೈವರ್ ಆದ. ಎಲ್ಲೋ ಮುಗ್ಗರಿಸಿ ಮೂಲೆಗೆ ಬಿದ್ದಿದ್ದ ಎಸ್ಟೀಮ್ ಕಾರೊಂದನ್ನು ತಂದು, ಎರಡು ವರ್ಷ ಬಿಚ್ಚಿ ಜೋಡಿಸಿ, ಚಿತ್ರದುರ್ಗದ ಕಡೆ ನಡೆಯುವ ಮಣ್ಣಿನ ರೇಸಿಗೆ ಇಳಿಸಲು ತಯಾರು ಮಾಡಿದ್ದ. ತೊಂಬತ್ತೆಂಟರ ನವೆಂಬರಿನಲ್ಲಿ, ಒಂದು ಶುಕ್ರವಾರ, ಅದಕ್ಕೆ ಅಗಲದ ಗಾಲಿ ಹಾಕಿಸಲು ನಬೀ ಸಾಬರ ಅಂಗಡಿಗೆ ಬಂದ. ಜೊತೆಯಲ್ಲಿ ಅವ್ವ.

ಹೊನ್ನಕ್ಕನ ಮನೆಯಲ್ಲಿ ಒಂದು ಪದ್ಧತಿಯಿತ್ತು. ಸೀರೆ ಮುಗಿಸಿ ಕತ್ತರಿಸಿದ ಮೇಲೆ ಮಗ್ಗದಲ್ಲಿ ಗೇಣುದ್ದ ನೂಲು ಉಳಿಯುತ್ತದೆ. ಅಂಚಿನ ಜರಿಯೆಳೆ ಸೇರಿದ ಆ ನೂಲನ್ನು ಹುರಿ ಮಾಡಿ, ಮನೆಗೆ ಹೊಸದಾಗಿ ಬಂದದ್ದಕ್ಕೆ ಕಟ್ಟುವುದು. ಹೊಸ ಬಾಗಿಲು, ಹೊಸ ಸೈಕಲ್ಲು, ಸೊಸೆಯ ಮುಂಗೈ, ಎಲ್ಲಕ್ಕೂ. ಅವತ್ತೂ ಸೆರಗಿನ ಗಂಟಿನಿಂದ ಕೆಂಪು ಹುರಿಯೊಂದನ್ನು ಬಿಚ್ಚಿ, “ಗಾಲಿ ಕೂಡೋ ಜಾಗದಾಗ ಒಂದ್ ಸುತ್ತು ಕಟ್ತೀನಿ ಸಾಬ್ರೆ” ಎಂದಳು.

“ಅಲ್ಲಿ ಬ್ಯಾಡಕ್ಕ. ಲೋಹಕ್ಕೂ ಲೋಹಕ್ಕೂ ನಡುವೆ ನಿನ್ನ ತಲೆಗೂದ್ಲು ಬಂದ್ರೂ ನಾನ್ ಒಪ್ಪಲ್ಲ. ಕನ್ನಡೀಗ್ ಕಟ್ಟು. ಅಲ್ಲಿದ್ರೆ ಅವ್ನಿಗೂ ಕಾಣ್ತೈತೆ, ದೇವ್ರಿಗೂ ಕಾಣ್ತೈತೆ.”

“ಅವ್ವ, ಸುಮ್ನಿರು, ಚಾಚಾ ಕೆಲಸ ಮಾಡ್ಲಿ” ಎಂದು ದುರುಗೇಶ್ ಗದರಿದ. ಅವಳು ಒಳಗಿನ ಕನ್ನಡಿಗೆ ಕಟ್ಟಿ, ಅಂಗಡಿಯ ಹೊರಗಿನ ಕಲ್ಲಿನ ಮೇಲೆ ಕುಳಿತಳು.

ಮೂರು ಗಾಲಿ ಕೂತವು. ನಾಲ್ಕನೆಯ ಬಿಲ್ಲೆ ಲೇತಿನ ಮೇಲಿದ್ದಾಗ ಜುಮ್ಮಾದ ಆಜಾನ್ ಕೇಳಿತು. ನಬೀ ಸಾಬರು ಬಿಲ್ಲೆಯನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, ಕೈ ತೊಳೆದು ಮಸೀದಿಗೆ ಹೋದರು. ಮುಕ್ಕಾಲು ಗಂಟೆಯ ಮೇಲೆ ಬಂದು ನೋಡಿದರೆ ನಾಲ್ಕನೆಯ ಗಾಲಿಯೂ ಕೂತಾಗಿತ್ತು. ಅವಸರದ ಹುಡುಗ ತಾನೇ ಹಾಕಿದ್ದ.

“ಒಳಗಿನ ನಟ್ಟು?”

“ಮೈಯೆಲ್ಲ ಹಾಕಿ ಬಿಗಿದೀನಿ ಚಾಚಾ. ನಿಮ್ ಹಂಗೇ, ಎದುರುಬದುರು.”

ನಬೀ ಸಾಬರು ಹೊರಗಿನ ನಾಲ್ಕು ನಟ್ಟು ಒತ್ತಿ ನೋಡಿದರು. ಬಿಗಿಯಾಗಿದ್ದವು. ಒಳಗಿನದು ಕಾಣಬೇಕಾದರೆ ಗಾಲಿ ಬಿಚ್ಚಬೇಕು. ಬಿಚ್ಚಲಿಲ್ಲ. “ಊರಿಗ್ ಹೋಗಿ ನಾಳೆ ಹತ್ತು ಗಂಟೆಗೆ ಬಾ. ನಿಮ್ಮೂರಿಂದ ಇಲ್ಲಿಗೆ ಸರಿಯಾಗ್ ಐವತ್ತು ಕಿಲೋಮೀಟರ್. ಮತ್ತೆ ಬಿಗಿ ಮಾಡೋಣ. ಅಲ್ಲಿ ತಂಕ ಜೋರಾಗ್ ಓಡ್ಸಾಟ ಬ್ಯಾಡ.”

“ಬರ್ತೀನಿ ಚಾಚಾ.”

ಮರುದಿನ ಹತ್ತು ಗಂಟೆಗೆ ನಬೀ ಸಾಬರು ಜಾಕು, ಪಾನಾ ತೆಗೆದಿಟ್ಟುಕೊಂಡು ಕುಳಿತಿದ್ದರು. ಹನ್ನೊಂದಕ್ಕೆ ನಾಯಕನಹಟ್ಟಿ ಬಸ್ಸಿನ ಕಂಡಕ್ಟರ್ ಚಿಕ್ಕೀರಪ್ಪ ಸುದ್ದಿ ತಂದ. ದುರುಗೇಶ್ ಅಂಗಡಿಗೇ ಹೊರಟಿದ್ದ. ಆದರೆ ವರವು ಕಾವಲೆಂಬ ಹುಲ್ಲುಗಾವಲಿನ ಪಕ್ಕದ ನೇರ ರಸ್ತೆಯಲ್ಲಿ ಒಮ್ಮೆ ಓಡಿಸಿ ನೋಡುವ ಆಸೆಗೆ ಸುತ್ತು ಹಾಕಿ ಬಂದಿದ್ದ.

“ಮೊದ್ಲು ಗಾಲಿ ಒಂದೇ ನಮ್ ಬಸ್ಸಿನ ಮುಂದೆ ಬಂತು ಸಾಬ್ರೆ. ಕಾರಿಗಿಂತ ಮುಂಚೆ. ಹಗ್ಗ ಹರ್ಕಂಡ ಕರು ಥರ ಬದು ಹಾರಿ ಕಾವಲೊಳಗೆ ಹೋಯ್ತು. ಯಾರ್ದಪ್ಪ ಇದು ಅಂತ ಡ್ರೈವರ್ ನಗ್ತಾ ಇದ್ದ. ಆಮ್ಯಾಕೆ ಕಾರು ಕಾಣ್ತು.”

ಕಾರು ಮೂರು ಪಲ್ಟಿ ಹೊಡೆದಿತ್ತು. ಕನ್ನಡಿಯಲ್ಲಿ ಕೆಂಪು ಹುರಿ ಹಾಗೆಯೇ ಇತ್ತಂತೆ. ಹುಡುಗನಿಗೆ ಇಪ್ಪತ್ತಾರು.

ಪೊಲೀಸರಿಗೆ ಇದರಲ್ಲಿ ಒಗಟೇನೂ ಇರಲಿಲ್ಲ. ಅತಿವೇಗ ಎಂದು ಬರೆದುಕೊಂಡರು. ನಬೀ ಸಾಬರು ಠಾಣೆಯ ಅಂಗಳದಲ್ಲಿದ್ದ ಕಾರನ್ನು ನೋಡಿ ಬಂದರು. ಮೂರು ಬಿಲ್ಲೆ ಮಿಸುಕಿರಲಿಲ್ಲ, ಮೂರರ ಬಾಯಂಚೂ ಚೆನ್ನಾಗಿ ಕೆತ್ತಿತ್ತು. ನಾಲ್ಕನೆಯ ಹಬ್ಬಿನಲ್ಲಿ ಎರಡು ಬೋಲ್ಟು ಮುರಿದು, ಎರಡರ ಮರೆ, ಅಂದರೆ ನಟ್ಟು ಕಚ್ಚುವ ಸುರುಳಿಗೆರೆ, ಸವೆದು ಹೋಗಿತ್ತು. ಬಿಲ್ಲೆ ಅಲುಗಾಡಿದ್ದಕ್ಕೆ ಅದು ಸಾಕ್ಷಿ. ಏಕೆ ಅಲುಗಾಡಿತು ಎನ್ನುವುದಕ್ಕೆ ಸಾಕ್ಷಿ ಬಿಲ್ಲೆಯೇ, ಅದು ಗಾಲಿಯನ್ನು ಹಿಡಿದುಕೊಂಡು ಕಾವಲಿನ ಹುಲ್ಲಿನೊಳಗೆ ಹೋಗಿಬಿಟ್ಟಿತ್ತು.

ನಾಲ್ಕನೆಯದರ ಬಾಯಂಚು ಕೆತ್ತಿದ್ದೆನೋ ಇಲ್ಲವೋ?

ಅವರಿಗೆ ನೆನಪಾಗಲಿಲ್ಲ. ಆಜಾನ್ ನೆನಪಿದೆ, ಬಿಲ್ಲೆ ಬೆಂಚಿನ ಮೇಲಿಟ್ಟದ್ದು ನೆನಪಿದೆ, ಕೈ ತೊಳೆದ ನೀರು ಬೆಚ್ಚಗಿದ್ದದ್ದು ನೆನಪಿದೆ. ನಡುವಿನ ಅರ್ಧ ನಿಮಿಷ ಮಾತ್ರ ಇಲ್ಲ. ಆ ಅರ್ಧ ನಿಮಿಷದೊಳಗೆ ಅವರು ಹತ್ತು ವರ್ಷ ವಾಸ ಮಾಡಿದರು.

ಅದಾದ ಮೇಲೆ ಶುರುವಾದದ್ದು ಕಿವಿಯ ಕಾಟ. ನಟ್ಟು ಸಡಿಲಾದ ಗಾಲಿ ನಿಧಾನವಾಗಿ ತಿರುಗುವಾಗ ಟಿಕ್, ಟಿಕ್ ಎನ್ನುತ್ತದೆ. ಅದು ಅವರಿಗೆ ಎಲ್ಲೆಂದರಲ್ಲಿ ಕೇಳತೊಡಗಿತು. ಬಿಸಿಲು ನೆತ್ತಿಗೇರಿ ಬೀದಿ ಖಾಲಿಯಾದ ಹೊತ್ತಿನಲ್ಲಿ ಹೆಚ್ಚು. ನಾನು ಕಂಡಂತೆಯೇ, ಮಧ್ಯಾಹ್ನದ ಎರಡು ಗಂಟೆಗೆ, ಒಂದು ವಾಹನವೂ ಇಲ್ಲದ ಬಳ್ಳಾರಿ ರಸ್ತೆಯ ನಟ್ಟನಡುವೆ ತಲೆ ಓರೆ ಮಾಡಿ ನಿಂತಿರುತ್ತಿದ್ದರು. ಊಟದ ತಟ್ಟೆಯ ಮುಂದಿಂದ ಎದ್ದು ಹೋಗುತ್ತಿದ್ದರಂತೆ. “ರೋಟಿ ತಣ್ಣಗಾಗ್ತೈತೆ ಅಂತ ಕೂಗ್ತೀನಿ, ಹೊರಗೆ ಯಾರ್ದೋ ಗಾಡಿ ಐತೆ ಅಂತಾರೆ. ಹೋಗಿ ನೋಡಿದ್ರೆ ಬೀದೀಲಿ ಒಂದು ಆಡು ನಿಂತಿರ್ತೈತೆ” ಎಂದು ಹಲೀಮಾ ಬೀ ಒಮ್ಮೆ ನನ್ನ ಹತ್ತಿರ ಅತ್ತುಕೊಂಡರು. ಮದುವೆ ಕಾರುಗಳ ಮುಂದೆ ಕೈ ಅಡ್ಡ ಹಿಡಿದದ್ದು ಆಗಿನಿಂದಲೇ.

ಬಿಲ್ಲೆ ಮಾಡುವುದನ್ನು ಅವರು ಬಿಡಲಿಲ್ಲ. ನಾನು ಬಿಟ್ಟರೆ ಗೊತ್ತಿಲ್ಲದವನು ಮಾಡುತ್ತಾನೆ ಎನ್ನುತ್ತಿದ್ದರು. ಆದರೆ ಬಾಯಂಚು ಕೆತ್ತಿದ ಕೂಡಲೇ ಪಂಚಿನಿಂದ ಒಂದು ಚುಕ್ಕಿ ಹೊಡೆಯುವ ರೂಢಿ ಮಾಡಿಕೊಂಡರು. ಗಿರಾಕಿಯ ಬೆರಳು ಹಿಡಿದು ಅಂಚಿನ ಮೇಲೆ ಆಡಿಸಿ, “ಕೆತ್ತೀನಿ, ನೋಡ್ದೆ ತಾನೆ?” ಎಂದು ಬಾಯಿಬಿಟ್ಟು ಹೇಳಿಸಿಕೊಳ್ಳುತ್ತಿದ್ದರು. ಆ ಚುಕ್ಕಿ ಅಂಗಡಿಯ ಮಾರ್ಕು ಎಂದು ಜನ ತಿಳಿದರು. ಚುಕ್ಕಿಯಿಲ್ಲದ ಬಿಲ್ಲೆ ಡೂಪ್ಲಿಕೇಟು ಎಂಬ ಮಾತೂ ಹುಟ್ಟಿತು.

ಭಾನುವಾರಗಳಲ್ಲಿ ಅವರು ಆ ಗಾಲಿ ಹುಡುಕಿಕೊಂಡು ಕಾವಲಿಗೆ ಹೋಗುತ್ತಿದ್ದರು, ಎಷ್ಟೋ ಸಲ ಜೊತೆಗೆ ನಾನೂ. ಕಾವಲೆಂದರೆ ಕಣ್ಣು ಹರಿಯುವ ತನಕ ಹುಲ್ಲು, ಅಲ್ಲಲ್ಲಿ ಜಾಲಿ, ಕುರಿಹಟ್ಟಿ. ಗಾಳಿ ಬೀಸಿದರೆ ಹುಲ್ಲು ಒಂದೇ ಕಡೆ ಮಲಗಿ ಏಳುತ್ತದೆ. ಆ ನಡುವೆ ಏನೋ ಗುಂಡಗಿರುವುದು ಕಂಡಂತಾಗುತ್ತದೆ, ಹೋದರೆ ಇರುವುದಿಲ್ಲ. ಗಾಲಿ ಗಾಳಿಯಾಯಿತು ಎಂದು ನಾನು ಅಲ್ಲಿ ನಿಂತು ಒಮ್ಮೆ ಅಂದುಬಿಟ್ಟೆ. ಯಾರೂ ನಗಲಿಲ್ಲ, ಅಲ್ಲಿದ್ದದ್ದೂ ನಾವಿಬ್ಬರೇ. ದಣಿದರೆ ನನ್ನ ಮಾರುತಿಯಲ್ಲಿ ಬಂದು ಕೂರುತ್ತಿದ್ದರು. ನಾನು ಓದಿದ ಕಾನ್ವೆಂಟಿನ ಚರ್ಚಿನಲ್ಲಿ ತಪ್ಪೊಪ್ಪಿಕೊಳ್ಳುವವರಿಗೆಂದು ಒಂದು ಮರದ ಗೂಡಿತ್ತು, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ನನ್ನ ಕಾರು ಅಷ್ಟೇ ಇಕ್ಕಟ್ಟು. ಇಬ್ಬರೂ ಮುಂದಿನ ಗಾಜನ್ನು ನೋಡುತ್ತ ಕುಳಿತಿದ್ದಾಗಲೇ ಅವರು ಆ ಅರ್ಧ ನಿಮಿಷದ ಸಂಗತಿ ನನಗೆ ಹೇಳಿದ್ದು.

ಪ್ರತಿ ನವೆಂಬರಿನಲ್ಲಿ ಒಂದು ದಿನ ಮೊಳಕಾಲ್ಮೂರಿಗೆ ಹೊನ್ನಕ್ಕನನ್ನು ನೋಡಲು ಹೋಗುತ್ತಿದ್ದರು. ಅವಳು ಚಹಾ ಕೊಡುವಳು. ಮಾತು ಹೆಚ್ಚಿಲ್ಲ. ಬೀಳ್ಕೊಡುವಾಗ ಒಂದೇ ಪ್ರಶ್ನೆ: “ಸಿಕ್ತಾ ಸಾಬ್ರೆ?”

“ಇಲ್ಲಕ್ಕ.”

“ಇರ್ಲಿ ಬಿಡ್ರಿ.”

ಆ ಪ್ರಶ್ನೆಯಲ್ಲಿ ತನ್ನ ಮೇಲಿನ ಅನುಮಾನವಿದೆ ಎಂದೇ ನಬೀ ಸಾಬರು ತಿಳಿದಿದ್ದರು. ಹೊನ್ನಕ್ಕ ಅಂದಿನಿಂದ ಯಾವುದಕ್ಕೂ ಹುರಿ ಕಟ್ಟಿರಲಿಲ್ಲ. ಮಗನೇ ಹೋದ ಮೇಲೆ ಇನ್ನೇನು ಕಟ್ಟುವುದು ಎಂದು ನಾವೂ ಅದನ್ನು ಕೆದಕಲಿಲ್ಲ.

ಎರಡು ಸಾವಿರದ ಒಂಬತ್ತರ ಹೊತ್ತಿಗೆ ಕಾವಲಿನ ಒಂದಷ್ಟು ಭಾಗಕ್ಕೆ ಬೇಲಿ ಬೀಳುತ್ತದೆಂಬ ಸುದ್ದಿ ಹಬ್ಬಿತು. ಆಕಾಶಕ್ಕೆ ಏನೇನೋ ಹಾರಿಸುವ ಆಫೀಸುಗಳು ಬರುತ್ತವಂತೆ ಎಂದು ಹೋಟೆಲಿನಲ್ಲಿ ಮಾತು. ಸ್ಪೇಸಿನವರು ಈಗ ಬಂದರು, ನಮ್ಮೂರಿನ ಸ್ಪೇಸರಿನವರು ಎಂದೋ ಬಂದಿದ್ದಾರೆ ಎಂದೆ. ನಬೀ ಸಾಬರು ಕೈಯ ಲೋಟ ಕೆಳಗಿಟ್ಟರು. “ಬೇಲಿ ಬಿದ್ರೆ ಒಳಗ್ ಬಿಡ್ತಾರಾ ಮೇಷ್ಟ್ರೆ?” ಎಂದರು. ಅಂದಿನಿಂದ ವಾರಕ್ಕೆ ಒಂದು ಸಲದ ಹುಡುಕಾಟ ಮೂರು ಸಲವಾಯಿತು.

ಫೆಬ್ರವರಿಯ ಒಂದು ಮಧ್ಯಾಹ್ನ ನಾವು ಕಾವಲಿನ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದಾಗ, ಕುರಿಹಟ್ಟಿಯೊಂದು ಜಾಗ ಬದಲಿಸುತ್ತಿತ್ತು. ಟ್ರಾಕ್ಟರಿನ ಟ್ರೇಲರಿಗೆ ಮುಳ್ಳುತಡಿಕೆ, ಕಂಬಳಿ, ಪಾತ್ರೆ ಏರಿಸುತ್ತಿದ್ದರು. ಜಾಲಿಮರದ ಕೆಳಗೆ ನೀರಿನ ದೊಡ್ಡ ಕೊಡವೊಂದು ಇನ್ನೂ ಉಳಿದಿತ್ತು.

“ಗಾಡಿ ನಿಲ್ಸ್ರಿ” ಎಂದರು ನಬೀ ಸಾಬರು. ಕೂಗಲಿಲ್ಲ. ಮಲಗಿದವರನ್ನು ಎಬ್ಬಿಸಬಾರದೆಂಬಂತೆ ಹೇಳಿದರು.

ಕೊಡ ಕೂತಿದ್ದದ್ದು ಒಂದು ಗಾಲಿಯ ಮೇಲೆ. ಟೈರು ಬಿರಿದು ಮಣ್ಣಿನ ಬಣ್ಣವಾಗಿತ್ತು. ಹೊಳಪು ಹೋದರೂ ಐದು ಕಡ್ಡಿಯ ಆ ಗಾಲಿ ನಮ್ಮ ಕಡೆಯದಲ್ಲವೆಂದು ನನಗೂ ತಿಳಿಯಿತು. ಹಟ್ಟಿಯ ಯಜಮಾನ ಓಬಯ್ಯ ಹೆದರಿ ಕೈ ಮುಗಿದ.

“ನಾವ್ ಕದ್ದದ್ದಲ್ಲ ಸಾಮಿ. ಹುಲ್ಲಾಗೆ ಬಿದ್ದಿತ್ತು. ಕೊಡ ಇಡಾಕೆ ಚೆನ್ನಾಗೈತೆ ಅಂತ ತಂದ್ವಿ.”

“ಹತ್ತು ವರ್ಷದಿಂದ ಕೇಳ್ತಾ ಇದೀನಲ್ಲಪ್ಪ. ನಿನ್ನೇ ಎಷ್ಟ್ ಸಲ ಕೇಳೀನಿ!”

“ನೀವು ಕಾರಿನ ಗಾಲಿ ಅಂತ ಕೇಳಿದ್ರಿ. ನಮಗೆ ಕೇಸಿನ ಗಾಲಿ ಅಂತ ಕೇಳಿಸ್ತು. ಹೂಂ ಅಂದ್ರೆ ಠಾಣೆಗೆ ಅಲೆದಾಡೋರು ಯಾರು? ಅದ್ಕೆ ನೀವು ಬಂದಾಗೆಲ್ಲ ನನ್ ಹೆಂಡ್ತಿ ಅದ್ರ ಮ್ಯಾಲೆ ಕಂಬಳಿ ಹಾಕೋಳು.”

ಅಂದರೆ ನಾವು ಎಷ್ಟೋ ಭಾನುವಾರ ಆ ಕಂಬಳಿಯ ಪಕ್ಕದಲ್ಲೇ ನಿಂತು ನೀರು ಕುಡಿದಿದ್ದೆವು.

ಕೊಡ ಇಳಿಸಿ ಗಾಲಿಯನ್ನು ಮಗುಚಿದೆವು. ನೆಲದ ಕಡೆಗಿದ್ದ ಮೈಯಲ್ಲಿ ಬಿಲ್ಲೆ ಇತ್ತು. ಬಿಸಿಲು, ಮಳೆ ಅದಕ್ಕೆ ಅಷ್ಟಾಗಿ ತಾಗಿರಲಿಲ್ಲ. ನಬೀ ಸಾಬರು ಮಂಡಿಯೂರಿ, ಕಣ್ಣು ಮುಚ್ಚಿ, ತೋರುಬೆರಳನ್ನು ನಡುತೂತಿನ ಅಂಚಿನ ಮೇಲಿಟ್ಟು ಒಂದು ಸುತ್ತು ತಂದರು. ಇನ್ನೊಂದು ಸುತ್ತು ತಂದರು. ಆಮೇಲೆ ನನ್ನ ಬೆರಳು ಹಿಡಿದು ಆಡಿಸಿದರು.

ಅಂಚು ಓರೆಯಾಗಿ, ನುಣ್ಣಗೆ, ಸುತ್ತಲೂ ಒಂದೇ ಸಮ ಕೆತ್ತಿತ್ತು.

“ಕೆತ್ತೀನಿ” ಎಂದರು. “ನೋಡಿದ್ರಿ ತಾನೆ?”

“ನೋಡಿದೆ ಸಾಬ್ರೆ.”

ಅವರು ಅಲ್ಲೇ ನೆಲದ ಮೇಲೆ ಕುಳಿತರು. ಹತ್ತು ವರ್ಷದ ಭಾರ ಇಳಿದ ಮನುಷ್ಯ ಹೇಗೆ ಕಾಣುತ್ತಾನೆಂದು ನೋಡುವ ಆಸೆ ನನಗಿತ್ತು. ನೋಡಲು ಸಿಕ್ಕಿದ್ದು ಒಂದು ಗಳಿಗೆ ಮಾತ್ರ. ಸೀಮೆಎಣ್ಣೆಯ ಬಟ್ಟೆಯಲ್ಲಿ ಬಿಲ್ಲೆಯ ಮುಖವನ್ನು ಒರೆಸುತ್ತಿದ್ದ ಅವರ ಕೈ ಒಂದು ಬೋಲ್ಟಿನ ತೂತಿನ ಹತ್ತಿರ ನಿಂತಿತು. ತೂತಿನ ಸುತ್ತ, ಅರ್ಧಚಂದ್ರದ ಹಾಗೆ, ಒಂದು ಸಣ್ಣ ಗೆರೆ. ಹುರಿಯ ಹೆಣಿಗೆಯ ಗುರುತು ಲೋಹದಲ್ಲಿ ಒತ್ತಿ ಮೂಡಿತ್ತು. ಗೆರೆಯೊಳಗೆ ಕಿಲುಬಿನ ಹಸಿರು; ಅದರ ನಡುವೆ ಇರುವೆಯಷ್ಟು ಉದ್ದದ ಒಂದು ಜರಿಯೆಳೆ ಬಿಸಿಲಿಗೆ ಮಿಂಚಿತು.

ಕನ್ನಡಿಗೆ ಕಟ್ಟಿದ ಹುರಿ ಕನ್ನಡಿಯಲ್ಲೇ ಇತ್ತು; ಇದು ಬೇರೆಯದು, ಹಬ್ಬಿಗೂ ಬಿಲ್ಲೆಗೂ ನಡುವೆ ಸಿಕ್ಕಿದ್ದು. ಎಲ್ಲೋ ಟಿಕ್ ಎಂದಂತಾಯಿತು. ಈ ಸಲ ನನಗೂ.

ಗಾಲಿಯಿಂದ ಬಿಲ್ಲೆ ಬಿಚ್ಚಿಕೊಳ್ಳಲು ಅರ್ಧ ಗಂಟೆ ಹಿಡಿಯಿತು. ಗಾಲಿಯನ್ನು ಓಬಯ್ಯನ ಕೊಡಕ್ಕೇ ಬಿಟ್ಟೆವು. “ಮೊಳಕಾಲ್ಮೂರಿಗೆ ನಡೀರಿ” ಎಂದರು ನಬೀ ಸಾಬರು. ತಳಕು ಎಂಬ ಊರು ದಾಟಿದ ಮೇಲೆ ಕಾರು ನಿಲ್ಲಿಸಲು ಹೇಳಿ, ಚೀಲದಿಂದ ಅರ ತೆಗೆದು, ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಬಿಲ್ಲೆಯನ್ನಿಟ್ಟುಕೊಂಡು ಉಜ್ಜತೊಡಗಿದರು. ಕರ್ರ್, ಕರ್ರ್. ಜರಿಯೆಳೆ ಉದುರಿತು. ಗೆರೆ ಮಾಯವಾಯಿತು.

“ಸಾಬ್ರೆ, ನಿಮ್ಮ ತಪ್ಪಿಲ್ಲ ಅನ್ನೋಕೆ ಇದ್ದ ಒಂದೇ ಸಾಕ್ಷಿ ಅದು.”

“ನನಗ್ ಗೊತ್ತಾಯ್ತಲ್ಲ, ಸಾಕು” ಎಂದರು. ಅರವನ್ನು ಚೀಲಕ್ಕೆ ಹಾಕುತ್ತ, “ತಪ್ಪಿಲ್ಲ ಅಂತ ಯಾಕಂತೀರಿ? ಒಳಗಿನ ನಟ್ಟು ನಾನ್ ನೋಡ್ಲಿಲ್ಲ. ಗಾಲಿ ಬಿಚ್ಚಿ ನೋಡಾಕೆ ಹತ್ತು ನಿಮಿಷ ಬೇಕಿತ್ತು. ಅಬ್ಬಾಜಾನ್ ಆಗಿದ್ರೆ ಬಿಚ್ತಿದ್ರು” ಎಂದರು.

ಹೊನ್ನಕ್ಕ ಮಗ್ಗದಲ್ಲಿದ್ದಳು. ಫೆಬ್ರವರಿಯಲ್ಲಿ ಸಾಬರು ಬಂದದ್ದು ನೋಡಿಯೇ ಅವಳ ಕೈಯ ಲಾಳಿ ನಿಂತಿತು. ಎದ್ದು ಬಂದು ಚಹಾ ಕೊಟ್ಟು, “ಸಿಕ್ತಾ?” ಎಂದಳು.

“ಸಿಕ್ತಕ್ಕ. ನಂದೇ ತಪ್ಪು. ಅವಸರದಾಗೆ ಅಂಚು ಕೆತ್ತೋದು ಮರ್ತಿದ್ದೆ. ಅದ್ಕೇ ಸಡ್ಲ ಆಗೈತೆ. ನಿನ್ ಮುಂದೆ ಹೇಳ್ಬೇಕಿತ್ತು, ಹೇಳ್ದೆ.”

ಅವಳು ಕೈ ಚಾಚಿದಳು. ಕೊಡದೆ ವಿಧಿಯಿರಲಿಲ್ಲ. ಬಿಲ್ಲೆಯನ್ನು ಮಡಿಲಲ್ಲಿಟ್ಟುಕೊಂಡು ಅವಳೂ ಬೆರಳಾಡಿಸಿದಳು. ಅಂಚಿನ ವಿಚಾರ ಅವಳಿಗೆ ತಿಳಿಯದು. ಆದರೆ ಮಗ್ಗಕ್ಕೆ ಉದ್ದಕ್ಕೆ ಎಳೆದ ಐದು ಸಾವಿರ ಎಳೆಯ ಹಾಸಿನಲ್ಲಿ ಹರಿದು ಹೊಸೆದ ಒಂದು ಎಳೆಯನ್ನು ಕಣ್ಣು ಮುಚ್ಚಿ ಹಿಡಿಯುವ ಬೆರಳು ಅದು. ಬೋಲ್ಟಿನ ತೂತುಗಳ ಸುತ್ತ ಒಂದೊಂದಾಗಿ ಹೋಗಿ, ಮೂರನೆಯದರ ಹತ್ತಿರ ತಡೆಯಿತು. ಬೆರಳ ತುದಿಗೆ ಬೆಳ್ಳಿಯಂಥ ಪುಡಿ ಅಂಟಿತು.

“ಇಲ್ಲಿ ಈಗ ಉಜ್ಜಿದಂಗೈತೆ.”

“ಮಣ್ಣು ಕಚ್ಚಿತ್ತು.”

“ಮಿಕ್ಕ ಕಡೆ ಕಚ್ಚಿರೋ ಮಣ್ಣು ಹಂಗೇ ಐತಲ್ಲ ಸಾಬ್ರೆ.”

ಹೊನ್ನಕ್ಕ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ. ಬೆರಳನ್ನು ಹಾಗೆಯೇ ಮೇಲೆ ಹಿಡಿದಿದ್ದಳು.

“ನೀವು ನಮಾಜಿಗ್ ಹೋಗಿದ್ರಿ. ಅವ್ನು ನಟ್ಟು ಎತ್ಕಳಾಕೆ ಅತ್ಲಾಗ್ ತಿರುಗಿದ್ದ” ಎಂದಳು. “ಕನ್ನಡೀಗ್ ಕಟ್ಟಿದ್ದು ಒಂದು. ನನ್ ಸೆರಗಿನ ಗಂಟ್ನಾಗೆ ಎರಡಿದ್ವು.”

“ಒಂದೇ ಇತ್ತಕ್ಕ” ಎಂದರು ನಬೀ ಸಾಬರು. “ನೀನು ಗಂಟು ಬಿಚ್ಚಿದಾಗ ನಾನ್ ಅಲ್ಲೇ ಇದ್ದೆ. ಒಂದೇ ಇತ್ತು. ನಾನ್ ನೋಡೀನಿ.”

ಅವಳು ಅವರ ಮುಖವನ್ನು ಬಹಳ ಹೊತ್ತು ನೋಡಿದಳು. ಕೊನೆಗೆ, “ಚಾ ಆರ್ತೈತೆ, ಕುಡೀರಿ” ಎಂದಳು. ನಾವು ಹೊರಟಾಗ ಬಿಲ್ಲೆಯನ್ನು ಹಿಂದಕ್ಕೆ ಕೊಡಲಿಲ್ಲ. “ಇದು ಇಲ್ಲೇ ಇರ್ಲಿ” ಎಂದಳಷ್ಟೆ.

ನವೆಂಬರಿನಲ್ಲಿ ಮತ್ತೆ ಹೋದೆವು. ಹಾಸಿನ ನೂಲನ್ನು ಬಿಗಿಯಾಗಿಡಲು ಮಗ್ಗದ ಕೊನೆಯಲ್ಲಿ ಒಂದು ಭಾರ ತೂಗುಹಾಕುತ್ತಾರೆ. ಅವಳ ಮನೆಯಲ್ಲಿ ಅಲ್ಲಿ ಮೊದಲು ಕಲ್ಲಿತ್ತು. ಈಗ ಬಿಲ್ಲೆ ತೂಗುತ್ತಿತ್ತು. ಲಾಳಿ ಓಡಿ ಹೊಡೆತ ಬಿದ್ದಾಗಲೆಲ್ಲ ಬಿಲ್ಲೆ ತುಸು ಅಲುಗಿ ಪಕ್ಕದ ಕಂಬಕ್ಕೆ ತಾಗುತ್ತಿತ್ತು. ಟಿಕ್. ಟಿಕ್.

ನಬೀ ಸಾಬರು ತಟ್ಟನೆ ಎದ್ದರು. ಅಭ್ಯಾಸಬಲ, ಕೈ ಚೀಲದ ಪಾನಾಕ್ಕೆ ಹೋಯಿತು. ಹೊನ್ನಕ್ಕ ನೇಯುತ್ತಲೇ ಇದ್ದಳು, ತಲೆಯೆತ್ತಲಿಲ್ಲ. ಈ ಸಲ ಅವಳು ಏನೂ ಕೇಳಲಿಲ್ಲ. ಅವರು ಕೈ ಹಿಂದಕ್ಕೆ ತೆಗೆದುಕೊಂಡು, ಗೋಡೆಗೊರಗಿ ಕುಳಿತು ಆ ಸದ್ದು ಕೇಳುತ್ತ ಚಹಾ ಕುಡಿದರು.